ಮಾರ್ಕೋನಹಳ್ಳಿ ಡ್ಯಾಮ್‌ಗೆ ಹೋಗಿ ಮೀನು ತರದೇ ಬಂದಿದ್ದು

ಜೂನ್ ಎರಡನೇ ಭಾನುವಾರ ಬೆಳಿಗ್ಗೆ ಆರೂವರೆಗೆ ನಾನು, ನಮ್ಮ ಭಾವ ಬೈಕಲ್ಲಿ ತುಮಕೂರು ಬಿಟ್ವಿ. ಹೆಬ್ಬೂರು ದಾಟಿ ಕುಣಿಗಲ್‌ನಲ್ಲಿ ತಟ್ಟೆ ಇಡ್ಲಿ ತಿಂದು, ದೊಡ್ಡಕೆರೆ ಏರಿ ಮೇಲೆ ಒಂದೈದು ನಿಮಿಷ ನಿಂತು ಹೈವೇ ಹಿಡಿದ್ವಿ. ಈ ರೋಡು ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋಗುತ್ತೆ, ಸಮುದ್ರದ ಬಂಗುಡೆ ಬೂತಾಯಿ ಎಲ್ಲಾ ಐಸ್ ಹಾಕ್ಕೊಂಡು ಇದೇ ರೋಡಲ್ಲಿ ನಮ್ಮ ಕಡೆ ಬರೋದು. ಆದ್ರೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಲಿ ಯಾಂತ್ರಿಕ ಬೋಟ್ ಕಡಲಿಗೆ ಇಳಿಯಂಗಿಲ್ಲ. ಪೂರ್ವದ ಕರಾವಳಿಲೂ ಏಪ್ರಿಲ್ 15ರಿಂದ ಜೂನ್ 14ರವರೆಗೆ ನಿಷೇಧ. ಅಂದ್ರೆ ಜೂನ್ ಮೊದಲ ಹದಿನಾಲ್ಕು ದಿನ ಎರಡೂ ಕಡೆ ಬಂದ್, ತಿನ್ನೋರ ಬಾಯಿ ಮಾತ್ರ ಬಂದ್ ಆಗಲ್ಲ, ಎಲ್ರೂ ಕೆರೆ ಮೀನು ಹುಡುಕ್ತಾರೆ. ನಾವೂ ಅದಕ್ಕೇ ಹೊರಟಿದ್ದು, ಅಕ್ಕ ಮೂರು ಕೆಜಿ ತನ್ನಿ ಅಂದಿದ್ಲು.

ಯಡಿಯೂರಲ್ಲಿ ಸಿದ್ಧಲಿಂಗೇಶ್ವರನಿಗೆ ಕೈ ಮುಗಿದು ಒಳ ರಸ್ತೆ ಹಿಡಿದ್ವಿ, ತೆಂಗಿನ ತೋಟದ ಮಧ್ಯೆ ಹೋಗ್ತಾ ಹೋಗ್ತಾ ಒಮ್ಮೆಗೇ ನೀರು ಕಾಣುತ್ತೆ. ದೇವರಾಯನದುರ್ಗದಲ್ಲಿ ಹುಟ್ಟೋ ಶಿಂಷಾ ಹೊಳೆಗೆ ಕಟ್ಟಿರೋ ಡ್ಯಾಮ್ ಇದು, ಮೈಸೂರು ಮಹಾರಾಜರ ಕಾಲದ್ದು. ಇಲ್ಲಿ ಸೈಫನ್ ಇದೆ, ನೀರು ಒಂದು ಮಟ್ಟಕ್ಕೆ ಬಂದ್ರೆ ಗೇಟ್ ಎತ್ತೋರು ಬೇಡ, ತಾನೇ ಎಳೆದು ಆಚೆ ಹಾಕುತ್ತೆ. ನಾವು ಹೋದಾಗ ನೀರು ತುಂಬಾ ಕೆಳಗಿತ್ತು, ದಡದ ಕೆಸರು ಬಿರುಕು ಬಿಟ್ಟಿತ್ತು.

ದಡದಲ್ಲಿ ಒಬ್ಬರು ವಯಸ್ಸಾದೋರು ತೆಪ್ಪ ಎಳೆದು ಹಾಕಿ ಬಲೆ ಬಿಡಿಸ್ತಾ ಕೂತಿದ್ರು. ಭಾವ ಹೋಗಿ "ಮೀನು ಐತಾ ಯಜಮಾನ್ರೇ" ಅಂದ್ರು. ಅವರು ಪುಟ್ಟಿ ಮೇಲಿನ ಗೋಣಿಚೀಲ ಸರಿಸಿದ್ರು. ಐದಾರು ರೋಹು, ಯಾವುದೂ ಮುಕ್ಕಾಲು ಕೆಜಿ ದಾಟಿರಲಿಲ್ಲ, ಉಳಿದಿದ್ದೆಲ್ಲಾ ಜಿಲೇಬಿ, ಅಂದ್ರೆ ತಿಲಾಪಿಯಾ ಮೀನು. ಅಡಿಯಲ್ಲಿ ನಮ್ಮ ಹೊಳೆಯ ಸಣ್ಣ ಮೀನು, ಒಂದು ಹಿಡಿ ಪಕ್ಕೆ, ನಾಲ್ಕು ಗಿರ್ಲು. ಒಂದು ಪಕ್ಕೆ ತಗೊಂಡು ಹೊಟ್ಟೆ ಮೇಲೆ ಹೆಬ್ಬೆಟ್ಟು ಒತ್ತಿದ್ರು, ಸಣ್ಣ ಸಾಸಿವೆ ಥರ ಮೊಟ್ಟೆ ಬೆರಳ ಮೇಲೆ ಬಂತು. "ನೋಡಿ ಸ್ವಾಮಿ, ಎಲ್ಲಾ ಬಸುರಿ. ಇನ್ನೊಂದು ಮಳೆ ಬಂದು ಹೊಸ ನೀರು ಬಂದ್ರೆ ಹಳ್ಳಕ್ಕೆ ಹತ್ತವೆ. ಅಷ್ಟರೊಳಗೆ ನಾವೇ ಹಿಡ್ದಿರ್ತೀವಿ."

ಆ ಬೆರಳು ನನ್ನ ತಲೆಯಿಂದ ಇನ್ನೂ ಹೋಗಿಲ್ಲ.

ರೋಹು ಕಾಟ್ಲಾ ನಿಂತ ನೀರಲ್ಲಿ ಮೊಟ್ಟೆ ಇಡಲ್ಲ, ಹರಿಯೋ ನೀರು ಬೇಕು, ಹಂಗಾಗಿ ಕೆರೆಗಳಿಗೆ ಮರಿ ತಂದು ಬಿಡ್ತಾರೆ. ರೋಹು ಬಲಿಯಕ್ಕೆ ಎರಡು ವರ್ಷ ಬೇಕು, ಬಲಿತ ಹೆಣ್ಣು ತೂಕದ ಕೆಜಿಗೆ ಸುಮಾರು ಎರಡು ಲಕ್ಷ ಮೊಟ್ಟೆ ಇಡುತ್ತೆ, ನಾವು ಅರ್ಧ ಕೆಜಿಗೇ ಎತ್ತಿಬಿಟ್ರೆ ಮುಗೀತು. ಆದ್ರೂ ಅದರ ಮರಿನ ದುಡ್ಡು ಕೊಟ್ಟು ತರಬೋದು. ಪಕ್ಕೆ, ಗಿರ್ಲು ಮರಿ ತಂದು ಬಿಡೋರು ಯಾರು? ಅವು ಉಳಿಬೇಕು ಅಂದ್ರೆ ಮಳೆ ಶುರುವಾದ ಎರಡು ತಿಂಗಳು ಅವುಗಳ ಪಾಡಿಗೆ ಬಿಡಬೇಕು, ಬೇರೆ ದಾರಿನೇ ಇಲ್ಲ. ಅವು ಹೋದ ಜಾಗದಲ್ಲಿ ಜಿಲೇಬಿ ತುಂಬ್ಕೊಳ್ಳುತ್ತೆ, 1952ರಲ್ಲಿ ಹೊರದೇಶದಿಂದ ತಂದ ಮೀನದು, ಮೊಟ್ಟೆ ಬಾಯಲ್ಲೇ ಇಟ್ಕೊಂಡು ಮರಿ ಮಾಡುತ್ತೆ, ವರ್ಷಕ್ಕೆ ಎಷ್ಟೋ ಸಲ.

ಯಜಮಾನರು ಎರಡು ಬಲೆ ತೋರಿಸಿದ್ರು. ಹಳೇದರ ಕಣ್ಣೊಳಗೆ ನಾಲ್ಕು ಬೆರಳು ಸಲೀಸಾಗಿ ಹೋಗ್ತಿತ್ತು, ಹೊಸದರಲ್ಲಿ ಎರಡು ಬೆರಳು ತೂರಿಸೋದೂ ಕಷ್ಟ. ಯಾಕೆ ಚಿಕ್ಕದು ತಂದ್ರಿ ಅಂದೆ. "ದೊಡ್ಡ ಕಣ್ಣಿಗೆ ಬೀಳೋ ಮೀನು ಇಲ್ವಲ್ಲ ಸ್ವಾಮಿ. ನಾನೊಬ್ಬ ಬಿಟ್ರೆ ರಾತ್ರಿ ಇನ್ನೊಬ್ಬ ಬಂದು ಹಾಕ್ತಾನೆ. ಎಲ್ರಿಗೂ ಒಂದೇ ಕಾನೂನು ಮಾಡ್ಲಿ, ನಾನೇ ಮೊದಲು ಬಲೆ ಸುತ್ತಿ ಅಟ್ಟಕ್ಕೆ ಹಾಕ್ತೀನಿ." ನಿಷೇಧದ ಕಾಲಕ್ಕೆ ಅಂತ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರರು 1,500 ಕಟ್ಟಿದ್ರೆ ಸರ್ಕಾರ 3,000 ಸೇರಿಸಿ ಕೊಡುತ್ತೆ ಅಂದೆ. ಅವರು ಕೇಳೇ ಇರಲಿಲ್ಲ, ಬೀಡಿ ಹಚ್ಚೋದು ಬಿಟ್ಟು ಎರಡು ಸಲ ಕೇಳಿ ತಿಳ್ಕೊಂಡ್ರು. ನಿಲ್ಲಿಸಿ ಅನ್ನೋ ಮೊದಲು ಈ ದುಡ್ಡು ಅವರ ಕೈಗೆ ಸೇರಬೇಕು, ತೆಪ್ಪದವನ ಹೊಟ್ಟೆ ಮೇಲೆ ಹೊಡೆದು ಮೀನು ಉಳಿಸೋದನ್ನ ನಾನಂತೂ ಒಪ್ಪಲ್ಲ.

ವಾಪಸ್ ಬರ್ತಾ ಭಾವ ಬೈಕ್ ಮೇಲೇ ವಾದಕ್ಕೆ ಬಿದ್ರು, ಸಮುದ್ರದಲ್ಲಿ ನಿಷೇಧ ಇದ್ದೂ ಬೂತಾಯಿ ಕಮ್ಮಿ ಆಯ್ತಲ್ಲ, ಏನು ಪ್ರಯೋಜನ ಅಂತ. ಕಮ್ಮಿ ಆಗಿದ್ದು ನಿಜ, ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಸಿಕ್ಕಿದ್ದು 2021ರಲ್ಲಿ 3,297 ಟನ್‌ಗೆ ಇಳೀತು. ಸಮುದ್ರ ಬಿಸಿಯಾಗಿದ್ದೂ ಒಂದು ಕಾರಣ, ಆದ್ರೆ ಉಳಿದ ಹತ್ತು ತಿಂಗಳು ಮರಿ ಮೀನನ್ನೂ ಬಾಚಿ, ಮೀನು ಪುಡಿ ಮಾಡೋ ಫಿಶ್‌ಮೀಲ್ ಫ್ಯಾಕ್ಟರಿಗೆ ಹಾಕಿದ್ರೆ 61 ದಿನದ ಉಪವಾಸ ಏನು ಮಾಡೀತು? ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಕಾಡ್ ಮೀನನ್ನ ಹಂಗೇ ಬಾಚಿ ಬಾಚಿ 1992ರ ಜುಲೈನಲ್ಲಿ ಪೂರ್ತಿ ನಿಲ್ಲಿಸಬೇಕಾಯ್ತು, ಸುಮಾರು 30,000 ಜನರ ಕೆಲಸ ಹೋಯ್ತು. ಅಲ್ಲಿ ಆ ಮೀನನ್ನ ಮತ್ತೆ ವ್ಯಾಪಾರಕ್ಕೆ ಅಂತ ತೆರೆದಿದ್ದು 2024ರಲ್ಲಿ. ಮೂವತ್ತೆರಡು ವರ್ಷ! ನಮ್ಮ ಡ್ಯಾಮ್‌ಗೆ ಕೇಳ್ತಿರೋದು ಎರಡು ತಿಂಗಳು ಮತ್ತೆ ನಾಲ್ಕು ಬೆರಳಿನ ಕಣ್ಣು ಭಾವ, ಅಷ್ಟೇ ಅಂದೆ. ಅವರು ಸ್ವಲ್ಪ ದೂರ ಸುಮ್ನೆ ಓಡಿಸಿದ್ರು.

ಕುಣಿಗಲ್ ಹತ್ರ ಬಂದಾಗ ಅಕ್ಕನ ಫೋನು. ನಾನು ಮಾತಾಡೋ ಮೊದಲೇ ಭಾವ ಗಾಡಿ ಸೈಡಿಗೆ ಹಾಕಿ ಫೋನ್ ಇಸ್ಕೊಂಡ್ರು.

"ತಂದಿಲ್ಲ ಕಣೇ, ಎಲ್ಲಾ ಮೊಟ್ಟೆ ತುಂಬ್ಕೊಂಡಿದ್ವು."

"ಅಯ್ಯೋ ಹೌದಾ, ಬಿಡ್ರಿ ಹಂಗಾದ್ರೆ. ಸೊಪ್ಪು ಐತೆ, ಬಸ್ಸಾರು ಮಾಡ್ತೀನಿ ಬನ್ನಿ."