ಮೂತ್ರ ಸೋರಿಕೆಯ ಮಾತ್ರೆ: ಪ್ರದೇಶವಾರು ಲೆಕ್ಕವನ್ನು ಓದುವುದು ಹೇಗೆ

ಮೂತ್ರ ಸೋರಿಕೆಗೆ ಬರೆಯುವ ಮಾತ್ರೆ ಒಂದು ಪ್ರದೇಶದಲ್ಲಿ ಪಕ್ಕದ ಪ್ರದೇಶದ ಎರಡು ಪಟ್ಟು ಇದೆ ಎಂದು ನಕ್ಷೆ ತೋರಿಸಿದರೆ, ಅಲ್ಲಿ ತೊಂದರೆ ಇರುವವರೂ ಎರಡು ಪಟ್ಟು ಎಂದುಕೊಳ್ಳಬೇಡಿ. ಏನನ್ನು ಎಣಿಸಿದ್ದಾರೆ ಎಂಬುದನ್ನು ಮೊದಲು ನೋಡಿ.

ಇಂಥ ಬಹಳಷ್ಟು ಲೆಕ್ಕಗಳಿಗೆ ಅಳತೆಗೋಲು ವಿಶ್ವ ಆರೋಗ್ಯ ಸಂಸ್ಥೆಯ ಡಿಡಿಡಿ, ಅಂದರೆ ವಯಸ್ಕರೊಬ್ಬರಿಗೆ ದಿನಕ್ಕೆ ಇಷ್ಟೆಂದು ಗೊತ್ತುಪಡಿಸಿದ ಪ್ರಮಾಣ. ಈ ತೊಂದರೆಗೆ ಬರೆಯುವ ಮಾತ್ರೆಗಳಲ್ಲಿ ಆಕ್ಸಿಬ್ಯುಟಿನಿನ್‌ಗೆ ಅದು 15 ಮಿ.ಗ್ರಾಂ, ಸೋಲಿಫೆನಸಿನ್‌ಗೆ 5, ಮಿರಾಬೆಗ್ರಾನ್‌ಗೆ 50. ಆದರೆ ವಯಸ್ಸಾದವರಿಗೆ ಆಕ್ಸಿಬ್ಯುಟಿನಿನ್ ಶುರುಮಾಡುವುದು ಸಾಮಾನ್ಯವಾಗಿ 2.5 ಮಿ.ಗ್ರಾಂ, ದಿನಕ್ಕೆರಡು ಸಲ. ಹೀಗೆ 300 ಜನ ತೆಗೆದುಕೊಂಡರೆ ಲೆಕ್ಕಕ್ಕೆ ಬರುವುದು ದಿನಕ್ಕೆ 100 ಡಿಡಿಡಿ ಮಾತ್ರ. ಬೇರೆ ಕಡೆ ಬರೀ 100 ಜನ 5 ಮಿ.ಗ್ರಾಂ ಸೋಲಿಫೆನಸಿನ್ ನುಂಗಿದರೂ ಅದೇ 100. ಆ 300 ಜನರನ್ನೂ ಸೋಲಿಫೆನಸಿನ್‌ಗೆ ಬದಲಾಯಿಸಿದರಂತೂ ಒಬ್ಬ ರೋಗಿಯೂ ಹೆಚ್ಚದೆ ಬಳಕೆ ಮೂರು ಪಟ್ಟು ಏರಿದಂತೆ ಕಾಣುತ್ತದೆ. ವೈದ್ಯರ ಔಷಧಿ ಚೀಟಿ ಎಣಿಸಿದರೂ ಇದೇ ಪಾಡು: 28 ದಿನಕ್ಕೊಮ್ಮೆ ಬರೆಯುವಲ್ಲಿ ವರ್ಷಕ್ಕೆ 13, 84 ದಿನಕ್ಕೊಮ್ಮೆ ಬರೆಯುವಲ್ಲಿ ನಾಲ್ಕೈದು.

ಆದ್ದರಿಂದ ರೋಗಿಗಳನ್ನೇ ಎಣಿಸಿ. ಐದೈದು ವರ್ಷದ ವಯೋಗುಂಪು, ಲಿಂಗ ಎರಡಕ್ಕೂ ಸರಿದೂಗಿಸಿ. ವೈದ್ಯರ ಊರಲ್ಲ, ರೋಗಿ ವಾಸವಿರುವ ಊರನ್ನು ಹಿಡಿಯಿರಿ. ಹಿಂದಿನ 12 ತಿಂಗಳು ಈ ಗುಂಪಿನ ಯಾವ ಔಷಧಿಯೂ ಇಲ್ಲದವರನ್ನು ಹೊಸಬರೆಂದು ಬೇರೆ ಮಾಡಿ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ ಎಂದು ಎಷ್ಟೋ ಜನ ಕೆಲವೇ ತಿಂಗಳಲ್ಲಿ ಬಿಡುತ್ತಾರೆ. ಮಾತ್ರೆಯ ಪೂರ್ತಿ ಪರಿಣಾಮ ಕಾಣಲು ನಾಲ್ಕು ವಾರವಾದರೂ ಬೇಕೆಂದು ಯಾರೂ ಹೇಳದಿದ್ದರೆ ಎರಡನೇ ವಾರಕ್ಕೇ ನಿಲ್ಲಿಸುವವರೂ ಇದ್ದಾರೆ.

ದೇಶದೇಶಗಳ ನಡುವೆ ಹೋಲಿಸುವಾಗ ನಿಯಮವೇ ಚಿತ್ರ ಬದಲಿಸುತ್ತದೆ. ಕೆಮ್ಮಿದಾಗ, ಸೀನಿದಾಗ ಆಗುವ ಸೋರಿಕೆಗೆ ಡುಲೊಕ್ಸೆಟಿನ್ ಯುರೋಪಿನಲ್ಲಿ 2004ರಿಂದ ಒಪ್ಪಿತ, ಅಮೆರಿಕದಲ್ಲಿ ಅಲ್ಲ. ಖಿನ್ನತೆಗೂ ಅದೇ ಔಷಧಿ, ಹಾಗಾಗಿ ಔಷಧಿಯ ಹೆಸರೊಂದನ್ನೇ ನೋಡಿ ಎಣಿಸಿದರೆ ಲೆಕ್ಕ ಕೆಟ್ಟಿತು. ಅಮೆರಿಕದಲ್ಲಿ 2013ರಲ್ಲಿ ಮಹಿಳೆಯರಿಗೆ ಚರ್ಮಕ್ಕೆ ಅಂಟಿಸುವ ಆಕ್ಸಿಬ್ಯುಟಿನಿನ್ ಪಟ್ಟಿಯನ್ನು ಚೀಟಿಯಿಲ್ಲದೆ ಮಾರಲು ಅನುಮತಿ ಸಿಕ್ಕಿತು; ಆ ಮಾರಾಟ ಪ್ರಿಸ್ಕ್ರಿಪ್ಷನ್ ದಾಖಲೆಗೆ ಬರುವುದೇ ಇಲ್ಲ.

ಇಷ್ಟೆಲ್ಲ ಕಳೆದ ಮೇಲೂ ಉಳಿಯುವ ವ್ಯತ್ಯಾಸದಲ್ಲಿ ಸೇವೆಯ ಕೊರತೆಯನ್ನು ಹುಡುಕಬೇಕು. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಇಂಗ್ಲೆಂಡಿನ ಸಂಸ್ಥೆ ನೈಸ್ ಪ್ರಕಾರ, ತಡೆಯಲಾಗದ ಅವಸರದೊಂದಿಗೆ ಆಗುವ ಸೋರಿಕೆಗೆ ಮೊದಲು ಕನಿಷ್ಠ ಆರು ವಾರ ಮೂತ್ರಕೋಶದ ತರಬೇತಿ, ಅಂದರೆ ಮೂತ್ರಕ್ಕೆ ಹೋಗುವ ನಡುವಿನ ಅಂತರವನ್ನು ಮೆಲ್ಲಗೆ ಹೆಚ್ಚಿಸುವ ಅಭ್ಯಾಸ. ಕೆಮ್ಮಿದಾಗಿನ ಸೋರಿಕೆಗೆ ಕನಿಷ್ಠ ಮೂರು ತಿಂಗಳು, ಮೇಲ್ವಿಚಾರಣೆಯಲ್ಲಿ, ಮೂತ್ರಕೋಶವನ್ನು ಕೆಳಗಿನಿಂದ ಹಿಡಿದಿಡುವ ಶ್ರೋಣಿಯ ತಳದ ಸ್ನಾಯುಗಳ ವ್ಯಾಯಾಮ. ಇದನ್ನು ಕಲಿಸುವ ಫಿಸಿಯೋಥೆರಪಿಸ್ಟ್ ಅಥವಾ ನರ್ಸ್ ಇಲ್ಲದ ಕಡೆ ವೈದ್ಯರ ಕೈಗೆ ಉಳಿಯುವುದು ಮಾತ್ರೆ ಒಂದೇ.

ಒಟ್ಟು ಬಳಕೆಗಿಂತ ಮುಖ್ಯವಾಗಿ ನೋಡಬೇಕಾದ ಅಂಕಿ ಬೇರೆ ಇದೆ: 75 ದಾಟಿದವರಲ್ಲಿ ಎಷ್ಟು ಮಂದಿ ಆಕ್ಸಿಬ್ಯುಟಿನಿನ್ ಮೇಲಿದ್ದಾರೆ? ಮರೆವು, ಗೊಂದಲ ಹೆಚ್ಚುವ ಅಪಾಯ ಇವರಿಗೇ. ಅವರಲ್ಲೂ ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಶುರುವಾದ ಮೇಲೆ ಸೋರಿಕೆ ಕಾಣಿಸಿಕೊಂಡು ಆಕ್ಸಿಬ್ಯುಟಿನಿನ್ ಸೇರಿಸಿದವರನ್ನು ಬೇರೆಯಾಗಿ ಹುಡುಕಿ. ಎರಡೂ ಒಂದಕ್ಕೊಂದು ವಿರುದ್ಧ ಕೆಲಸ ಮಾಡುವ ಔಷಧಿಗಳು; ಮೊದಲ ಔಷಧಿಯ ಅಡ್ಡಪರಿಣಾಮಕ್ಕೆ ಎರಡನೆಯದನ್ನು ಕೊಟ್ಟಂತಾಗುತ್ತದೆ. ಇಂಥವರಿಗೆ ಮೊದಲು ಡೊನೆಪೆಜಿಲ್ ಬೇಕೇ ಎಂದು ವೈದ್ಯರು ಮರುಪರಿಶೀಲಿಸಬೇಕು. ಆಕ್ಸಿಬ್ಯುಟಿನಿನ್ ಬಿಟ್ಟು ಮಿರಾಬೆಗ್ರಾನ್‌ಗೆ ಬದಲಾಯಿಸುವುದಾದರೆ ರಕ್ತದೊತ್ತಡ ಅಳೆದೇ ಮುಂದುವರಿಯಬೇಕು: ಹತೋಟಿಗೆ ಬಾರದೆ ಮೇಲಿನದು 180 ಅಥವಾ ಕೆಳಗಿನದು 110 ಮುಟ್ಟಿದ್ದರೆ ಕೊಡುವಂತಿಲ್ಲ.