ಕೊಲೆಯ ಕಥೆಯಲ್ಲೂ ನೆಮ್ಮದಿ

ಮನಸ್ಸು ದಣಿದಾಗ ನಾನು ಹುಡುಕುವುದು ಕೋಝಿ ಮಿಸ್ಟರಿ, ಅಂದರೆ ಹಿತವಾಗಿ ಓದಿಸಿಕೊಳ್ಳುವ ಪತ್ತೇದಾರಿ ಕಾದಂಬರಿಗಳನ್ನೇ. ಕೊಲೆ ಆಗುತ್ತದೆ, ನಿಜ. ಆದರೆ ರಕ್ತ, ಹಿಂಸೆ ಎಲ್ಲ ಪುಟದ ಆಚೆಗೇ ಉಳಿಯುತ್ತವೆ. ಪತ್ತೆ ಮಾಡುವವರು ಹೆಚ್ಚಾಗಿ ಪೊಲೀಸರಲ್ಲ, ನಮ್ಮ ನಿಮ್ಮಂಥ ಸಾಮಾನ್ಯರು. ಇಂಗ್ಲಿಷ್ ಲೇಖಕಿ ಅಗಾಥಾ ಕ್ರಿಸ್ಟಿಯ ಮಿಸ್ ಮಾರ್ಪಲ್ ಅಜ್ಜಿಯನ್ನೇ ನೋಡಿ. 1930ರಲ್ಲಿ ಮೊದಲ ಸಲ ಕಾದಂಬರಿಗೆ ಬಂದವಳು. ಕೈಯಲ್ಲಿ ಹೆಣಿಗೆ, ಕಿವಿ ಮಾತ್ರ ಹಳ್ಳಿಯ ಹರಟೆಯ ಮೇಲೆ. ವಯಸ್ಸಾದ ಹೆಂಗಸು ಅಂತ ಯಾರೂ ಅವಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದೇ ಅವಳ ಬಲ. ನನಗೆ ಜಾಸ್ತಿ ಇಷ್ಟವಾಗುವುದೂ ಇದೇ. ಕೊನೆಗೆ ಸತ್ಯ ಹೊರಗೆ ಬಂದೇ ಬರುತ್ತದೆ. ದಿನದ ಬದುಕಿನಲ್ಲಿ ಅಷ್ಟು ಖಾತ್ರಿ ಎಲ್ಲಿದೆ, ಅಲ್ವಾ? ಓದಿದ್ದನ್ನೇ ಮತ್ತೆ ಓದುವುದೂ ಉಂಟು. ಕೊಲೆಗಾರ ಯಾರೆಂದು ಗೊತ್ತಿದ್ದರೂ, ಆ ಊರಿನ ಜನರನ್ನು ಇನ್ನೊಮ್ಮೆ ಭೇಟಿಯಾಗುವ ಖುಷಿ ಕಡಿಮೆಯಾಗುವುದಿಲ್ಲ.