ತಿಜೋರಿಗೆ ಹೊಸ ಪೇಂಟ್ ಯಾಕೆ ಹೊಡೆಸಿಲ್ಲ ಅಂತ ಕೇಳೋರಿಗೆ

ಮನೆಗೆ ಬಂದೋರೆಲ್ಲ ಹಾಲಲ್ಲಿರೋ ಕಬ್ಬಿಣದ ತಿಜೋರಿ ನೋಡಿ ಒಂದೇ ಪ್ರಶ್ನೆ ಕೇಳ್ತಾರೆ, "ಇಷ್ಟೆಲ್ಲ ಕಷ್ಟಪಟ್ಟು ರಿಪೇರಿ ಮಾಡಿದೀರ, ಹಂಗೇ ಪೂರ್ತಿ ಉಜ್ಜಿಸಿ ಹೊಸ ಪೇಂಟ್ ಹೊಡೆಸಬಾರದಿತ್ತಾ?" ನಮ್ಮ ಚಿಕ್ಕಪ್ಪ ಅಂತೂ ಬಂದಾಗೆಲ್ಲ ಕೇಳ್ತಿದ್ರು. ಒಬ್ಬೊಬ್ರಿಗೂ ಅರ್ಧರ್ಧ ಉತ್ತರ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಪೂರ್ತಿ ಇಲ್ಲಿ ಬರೀತಿದೀನಿ.

ಇದು ತಿಪಟೂರಲ್ಲಿ ನಮ್ಮ ತಾತನ ಕೊಬ್ಬರಿ ಮಂಡೀಲಿದ್ದ ತಿಜೋರಿ. ಮಂಡಿ ಮುಚ್ಚಿದ್ಮೇಲೆ ಗೋಡೌನ್ ಮೂಲೇಲಿ ಗೋಣಿಚೀಲದ ಅಡಿ ಎಷ್ಟೋ ವರ್ಷ ಬಿದ್ದಿತ್ತು, ಗುಜರಿಯವನು ತೂಕಕ್ಕೆ ಕೇಳ್ಕೊಂಡು ಬಂದಾಗಲೇ ನಮಗೆ ಅದು ಅಲ್ಲಿದೆ ಅಂತ ನೆನಪಾಗಿದ್ದು. ಸೊಂಟದೆತ್ತರ ಅಷ್ಟೇ, ಆದ್ರೆ ನಾಲ್ಕು ಜನ ಹಾರೆ ಹಾಕಿ ಮೀಟಿ, ಅಡಿಗೆ ಮೂರು ಜಿಐ ಪೈಪ್ ಉರುಳಿಸ್ಕೊಂಡು, ಟೈಲ್ಸ್ ಒಡೀಬಾರದು ಅಂತ ಪ್ಲೈವುಡ್ ಹಾಸ್ಕೊಂಡು ಒಳಗೆ ತರೋಷ್ಟರಲ್ಲಿ ಸಾಯಂಕಾಲ ಆಗಿತ್ತು. ಹಿತ್ತಾಳೆ ಪ್ಲೇಟಲ್ಲಿ ಬಾಂಬೆ ಅನ್ನೋದೊಂದೇ ಓದಕ್ಕಾಗೋದು. ಮುಂಚೆ ನಮ್ಮ ದೇಶದಲ್ಲಿ ಒಳ್ಳೆ ತಿಜೋರಿ ಅಂದ್ರೆ ಚಬ್, ಮಿಲ್ನರ್ ಅಂತ ಇಂಗ್ಲೆಂಡಿಂದ ಬರ್ತಿದ್ದವೇ, 1897ರಲ್ಲಿ ಅರ್ದೇಶಿರ್ ಗೋದ್ರೆಜ್ ಬಾಂಬೇಲಿ ಬೀಗ ಮಾಡೋಕೆ ಶುರು ಮಾಡಿ, ಕೆಲವೇ ವರ್ಷದಲ್ಲಿ ತಿಜೋರಿಗೂ ಕೈ ಹಾಕಿದ್ರು.

ಮೊದಲು ಬೀಗದ ಕಥೆ ಹೇಳ್ತೀನಿ, ಯಾಕಂದ್ರೆ ನಂಗೆ ಜಾಸ್ತಿ ದಿನ ಹಿಡಿದಿದ್ದು ಅದೇ. ಬೀಗದ ಕೈ ದೇವರ ಮನೇಲಿ ಕುಂಕುಮದ ಭರಣಿ ಒಳಗಿತ್ತು, ಅಜ್ಜಿ ಇಟ್ಟಿದ್ದು. ಹಾಕಿದ್ರೆ ಹೋಗುತ್ತೆ, ತಿರುಗಲ್ಲ. ಹೊರಗಿಂದ ಕರೆಸಿದ ಬೀಗದೋನು ಡ್ರಿಲ್ ಹಾಕ್ಬೇಕು ಅಂದ, ನಾನು ಬೇಡ ಅಂದೆ. ಇದು ಲಿವರ್ ಬೀಗ, ಅಂದ್ರೆ ಒಳಗೆ ಹಿತ್ತಾಳೆ ತಗಡುಗಳು ಒಂದರ ಮೇಲೊಂದು ಇರ್ತವೆ, ಬೀಗದ ಕೈಯ ಒಂದೊಂದು ಹಲ್ಲೂ ಒಂದೊಂದು ತಗಡನ್ನ ಸರಿಯಾದ ಎತ್ತರಕ್ಕೆ ಎತ್ತಬೇಕು, ಒಂದು ಕೂದಲೆಳೆ ಕಮ್ಮಿ ಎತ್ತಿದ್ರೂ ಜಾಸ್ತಿ ಎತ್ತಿದ್ರೂ ಚಿಲಕ ಅಲ್ಲಾಡಲ್ಲ. ನಮ್ಮದು ಕೊಬ್ಬರಿ ಮಂಡಿ ನೋಡಿ, ಬೀಗ ಬಿಗಿ ಆದಾಗೆಲ್ಲ ಕೈಗೆ ಸಿಗ್ತಿದ್ದಿದ್ದು ಕೊಬ್ಬರಿ ಎಣ್ಣೆ, ಅದನ್ನೇ ಬೀಗದ ತೂತಿಗೆ ಬಿಟ್ಟಿದಾರೆ. 24 ಡಿಗ್ರಿ ಕೆಳಗೆ ಹೋದ್ರೆ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತೆ, ಅದರ ಜೊತೆ ಧೂಳು ಸೇರಿ ಅಂಟಾಗಿ ಎತ್ತಿದ ತಗಡು ಕೆಳಗೆ ಬರದೇ ಅಲ್ಲೇ ಕಚ್ಕೊಂಡಿತ್ತು. ಆರು ದಿನ ಇಂಜೆಕ್ಷನ್ ಸಿರಿಂಜಲ್ಲಿ ಸ್ವಲ್ಪ ಸ್ವಲ್ಪ ಸೀಮೆಎಣ್ಣೆ ಬಿಟ್ಟೆ, ಒಂದು ಚೂರೂ ಬಲ ಹಾಕದೇ ಬೀಗದ ಕೈ ಆಡಿಸ್ತಾ ಇದ್ದೆ. ಏಳನೇ ದಿನ ತಿರುಗ್ತು. ಅವತ್ತು ಅಮ್ಮ ಅಡುಗೆಮನೆಯಿಂದ ಓಡಿ ಬಂದ್ರು, ಆ ಶಬ್ದ ಅವರಿಗೆ ಗುರುತಿತ್ತು.

ಬಾಗಿಲು ತೆಗೆದ್ಮೇಲೆ ಬೀಗ ಬಿಚ್ಚಿದೆ, ಒಂದೊಂದು ತಗಡು ತೆಗೆಯೋಕೆ ಮುಂಚೆ ಒಂದೊಂದು ಫೋಟೋ, ಆರ್ಡರ್ ತಪ್ಪಿದ್ರೆ ಅದೇ ಬೀಗದ ಕೈ ಮತ್ತೆ ಕೆಲಸ ಮಾಡಲ್ಲ. ಸೀಮೆಎಣ್ಣೇಲಿ ನೆನೆಸಿ ಹಳೇ ಟೂತ್‌ಬ್ರಷ್ಷಲ್ಲಿ ತಿಕ್ಕಿ ಒಣಗಿಸಿ ಬರೀ ಗ್ರಾಫೈಟ್ ಪುಡಿ ಹಾಕಿದೆ, ಲಿವರಿಗೆ ಎಣ್ಣೆ ಮುಟ್ಟಿಸಲೇ ಇಲ್ಲ. ಮನೇಲಿ ಮಾಡೋರಿಗೆ ಕೈ ಮುಗಿದು ಹೇಳ್ತೀನಿ, ಬೀಗ ಇಪ್ಪತ್ತು ಸಲ ಸರಿಯಾಗಿ ಆಡೋವರೆಗೂ ಬಾಗಿಲು ತೆಗೆದಿಟ್ಕೊಂಡೇ ಟೆಸ್ಟ್ ಮಾಡಿ, ಮಕ್ಕಳನ್ನ ಹತ್ರ ಬಿಡಬೇಡಿ.

ಅಡಿಭಾಗ ಅಂತೂ ತುಕ್ಕು ತಿಂದು ತೂತಾಗಿತ್ತು, ಮುಟ್ಟಿದ್ರೆ ಬಿಳಿ ಪುಡಿ ಉದುರ್ತಿತ್ತು. ಹಳೇ ತಿಜೋರಿಗಳ ಎರಡು ಗೋಡೆ ಮಧ್ಯೆ ಬೆಂಕಿ ತಡೆಯೋಕೆ ಏನಾದ್ರೂ ತುಂಬಿರ್ತಾರೆ, ಕೆಲವದ್ರಲ್ಲಿ ಮರದ ಹೊಟ್ಟಿನ ಜೊತೆ ಪಟಿಕ, ಹೌದು, ಕ್ಷೌರದಂಗಡಿ ಪಟಿಕಾನೇ. ಅದರ ತೂಕದಲ್ಲಿ ಸುಮಾರು 45 ಪರ್ಸೆಂಟ್ ನೀರೇ, ಬೆಂಕಿ ಬಿದ್ದಾಗ ಆ ನೀರು ಆವಿಯಾಗಿ ಒಳಗಿರೋ ಪತ್ರ ಉಳಿಯುತ್ತೆ. ಬೆಂಕಿ ಬೀಳದೇ ಇದ್ರೂ ಆ ತೇವ ಕಬ್ಬಿಣಾನ ಒಳಗಿಂದಲೇ ತಿನ್ನುತ್ತೆ. ಇನ್ನು ಕೆಲವದ್ರಲ್ಲಿ ಆಸ್ಬೆಸ್ಟಾಸ್ ಇರುತ್ತೆ, ಅದರ ಧೂಳು ಉಸಿರಲ್ಲಿ ಒಳಗೆ ಹೋದ್ರೆ ಅಪಾಯ, ಕಣ್ಣಲ್ಲಿ ನೋಡಿ ಯಾರಿಂದಲೂ ಹೇಳಕ್ಕಾಗಲ್ಲ. ಅದಕ್ಕೇ ಎನ್95 ಮಾಸ್ಕ್ ಹಾಕ್ಕೊಂಡು, ಪುಡಿ ಮೇಲೆ ನೀರು ಚಿಮುಕಿಸಿ, ಒಳಗಿಂದು ಕೆದಕದೇ ತೂತಿನ ಮೇಲೆ ತಗಡು ಕೂರಿಸಿ ಎಂ-ಸೀಲ್ ಹಾಕಿ ಮುಚ್ಚಿಬಿಟ್ಟೆ. ಅಷ್ಟು ಜಾಗಕ್ಕೆ ಮಾತ್ರ ರೆಡ್ ಆಕ್ಸೈಡ್ ಹೊಡೆದು ಮೇಲೆ ಪೇಂಟ್ ಮಾಡಿದೀನಿ. ಈಗ ಕೆಳಗೆ ಮರದ ದಿಮ್ಮಿ ಇದೆ, ನೆಲ ಒರೆಸಿದ ನೀರು ತಾಗಲ್ಲ.

ಸರಿ, ಪೇಂಟ್ ವಿಷ್ಯ. ಮೇಲೆ ಸಿಲ್ವರ್ ಪೇಂಟ್, ಅದರ ಕೆಳಗೆ ಹಸಿರು, ಅದರ ಕೆಳಗೆ ಕಂದು ಬಣ್ಣ, ಅಂಚಿಗೆ ಹಳದಿ ಗೆರೆ. ಗ್ರೈಂಡರ್ ಹಿಡಿದ್ರೆ ಒಂದೇ ದಿನದ ಕೆಲಸ, ಆದ್ರೆ ಇಷ್ಟು ಹಳೇ ಪೇಂಟಲ್ಲಿ ಸೀಸ ಇದೆ ಅಂತಲೇ ಅನ್ಕೋಬೇಕು. ಮನೆ ಪೇಂಟಲ್ಲಿ ಸೀಸ 90 ಪಿಪಿಎಂ, ಅಂದ್ರೆ ಹತ್ತು ಲಕ್ಷ ಪಾಲಲ್ಲಿ 90 ಪಾಲು, ದಾಟಬಾರದು ಅನ್ನೋ ರೂಲ್ಸ್ ನಮ್ಮಲ್ಲಿ ಬಂದಿದ್ದೇ 2016ರಲ್ಲಿ. ಆ ಧೂಳು ಮನೇಲಿ ಹಾರೋದು ಬೇಡ ಅಂತ ಎದ್ದಿರೋ ಜಾಗ ಮಾತ್ರ ವಾಟರ್ ಪೇಪರಲ್ಲಿ ಒದ್ದೆ ಮಾಡ್ಕೊಂಡು ಉಜ್ಜಿ, ಉಳಿದಿದ್ದಕ್ಕೆ ಮೇಣದ ಪಾಲಿಶ್ ಹಾಕಿದೀನಿ. ಹಿಡಿಗೆ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿದೆ, ಹೆಸರಿನ ಪ್ಲೇಟಿಗೆ ಹಾಕಲಿಲ್ಲ, ಅಕ್ಷರದೊಳಗಿರೋ ಕಪ್ಪು ಬಿಟ್ಕೊಂಡು ಬರ್ತಿತ್ತು.

ಇದು ಬಂದೋರಿಗೆಲ್ಲ ಹೇಳೋ ಅರ್ಧ ಉತ್ತರ. ಇನ್ನರ್ಧ ಬಾಗಿಲ ಒಳಗಡೆ ಇದೆ.

ಬಾಗಿಲ ಒಳಮೈ ಮೇಲೆ ಸೀಸದ ಕಡ್ಡೀಲಿ, ತಾತನ ಕೈಬರಹದಲ್ಲಿ ಒಂದು ಪಟ್ಟಿ ಇದೆ. 1 ಆಣೆ 6, 2 ಆಣೆ 12, 3 ಆಣೆ 19, 4 ಆಣೆ 25, ಹಿಂಗೇ 16 ಆಣೆ 100ರವರೆಗೆ. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂದು, 16 ಆಣೆಯ ರೂಪಾಯಿ 100 ಪೈಸೆ ಆದಾಗ ಬರ್ಕೊಂಡಿರಬೇಕು, ಯಾಕಂದ್ರೆ ಒಂದಾಣೆ ಅಂದ್ರೆ ಆರೂಕಾಲು ಪೈಸೆ, ಆ ಕಾಲನ್ನ ಎಲ್ಲಿ ಬಿಡೋದು ಎಲ್ಲಿ ಸೇರಿಸೋದು ಅನ್ನೋದೇ ಎಲ್ಲರಿಗೂ ತಲೆನೋವು. 3 ಆಣೆ ಮುಂದೆ ಮೊದಲು 18 ಅಂತ ಬರೆದು ಹೊಡೆದು ಹಾಕಿ 19 ಮಾಡಿದಾರೆ. ಆ ಹೊಡೆದು ಹಾಕಿರೋ ಗೆರೆ ಎರಡು ಸಲ ಒತ್ತಿ ಎಳೆದಿರೋದು, ಬೆರಳಿಟ್ರೆ ಪೇಂಟಲ್ಲಿ ಚೂರು ತಗ್ಗು ಸಿಗುತ್ತೆ. ನಾನು ಹುಟ್ಟೋ ಮುಂಚೆನೇ ತಾತ ಹೋಗಿದ್ರು, ಅವರ ಅಕ್ಷರ ಅಂತ ನಾನು ನೋಡಿರೋದು ಇದೊಂದೇ. ಪೂರ್ತಿ ಉಜ್ಜಿಸಿದ್ರೆ ಮೊದಲು ಹೋಗ್ತಿದ್ದಿದ್ದೇ ಇದು. ಅದಕ್ಕೆ ವಾರ್ನಿಶ್ಶೂ ಹಾಕಿಲ್ಲ, ಮೇಣಾನೂ ಮುಟ್ಟಿಸಿಲ್ಲ, ಮೆತ್ತನೆ ಬ್ರಷ್ಷಲ್ಲಿ ಸುತ್ತಲ ಧೂಳು ತೆಗೆದು ಬಿಟ್ಟಿದೀನಿ.

ಹೋದ ದೀಪಾವಳಿಗೆ ಚಿಕ್ಕಪ್ಪ ಬಂದಾಗ ಬಾಗಿಲು ತೆಗೆದು ತೋರಿಸ್ದೆ. ಕನ್ನಡಕ ಹಾಕ್ಕೊಂಡು ಮೊದಲಿಂದ ಕೊನೆವರೆಗೂ ಜೋರಾಗಿ ಓದಿದ್ರು, "ಅಣ್ಣನಿಗೂ ನನಗೂ ಬಾಯಿಪಾಠ ಮಾಡಿಸಿದ್ರು ಕಣೋ ಇದನ್ನ" ಅಂದ್ರು, ಆಮೇಲೆ ಅಲ್ಲೇ ನೆಲದ ಮೇಲೆ ಕೂತ್ಕೊಂಡ್ರು. ಆ ಹೊತ್ತಿಗೆ ಅಮ್ಮ ಪೂಜೆಗೆ ಅರಿಶಿನ ಕುಂಕುಮ ತಂದ್ರು, ಬಾಗಿಲ ಹೊರಗಡೆ, ಬೀಗದ ತೂತಿನ ಮೇಲೆ ಹಳೇ ಬೊಟ್ಟಿನ ಕಲೆ ಎಲ್ಲಿತ್ತೋ ಅಲ್ಲೇ ಇಟ್ರು.